ಅಂತರ ನಡುವೆ, ಸಮಯ ತುದಿಯಲ್ಲಿ

ಥಾಣೆಯ ದಾರಿಗಳೆಲ್ಲ ಬಂದು ಸೇರುವ ಜಾಗ ಮಾಜಿವಾಡಾ. ಮುಂಬಯಿಯಿಂದ ಬರುವ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಇಲ್ಲಿಗೆ ತಲುಪಿ ನಾಸಿಕದ ಹೆದ್ದಾರಿಯಾಗಿ ಮುಂದೆ ಹೋಗುತ್ತದೆ. ಎಡಕ್ಕೆ ಹೊರಳಿದರೆ ಘೋಡ್‌ಬಂದರ್ ರಸ್ತೆ. ಮೇಲ್ಸೇತುವೆಯ ಕೆಳಗೆ ಸಂಜೆ ಹೊತ್ತು ನಿಂತರೆ ಲಾರಿ, ಟೆಂಪೊ, ರಿಕ್ಷಾ, ದೂರದೂರಿಗೆ ಹೊರಟ ಬಸ್ಸು ಎಲ್ಲವೂ ಒಂದರ ಹಿಂದೊಂದು ತೆವಳುವುದು ಕಾಣುತ್ತದೆ. ಸುತ್ತಲಿನ ಎತ್ತರದ ವಸತಿ ಸಂಕೀರ್ಣಗಳಲ್ಲಿ ಉಡುಪಿ, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ ಕಡೆಯ ಮನೆಗಳು ಸಾಕಷ್ಟಿವೆ. ಆ ಮನೆಗಳ ಫೋನಿನಲ್ಲಿ ರಜೆಯ ಮುಂಚಿನ ವಾರ ಕೇಳಿಬರುವ ಪ್ರಶ್ನೆ ಒಂದೇ: "ಮಗಾ, ಮನೆಗೆ ಎಷ್ಟು ಗಂಟೆಗೆ ಮುಟ್ತಿ?"

ಉತ್ತರ ಯಾರನ್ನು ಕೇಳುತ್ತೀರಿ ಎಂಬುದರ ಮೇಲಿದೆ. ಭೂಪಟವನ್ನು ಕೇಳಿದರೆ ಮುಂಬಯಿ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಸುಮಾರು 715 ಕಿ.ಮೀ. ಎನ್ನುತ್ತದೆ. ಗಂಟೆಗೆ 850 ಕಿ.ಮೀ. ಹೋಗುವ ವಿಮಾನಕ್ಕೆ ಅದು ಐವತ್ತು ನಿಮಿಷದ ಕೆಲಸ. ಟಿಕೆಟನ್ನು ಕೇಳಿದರೆ ಒಂದೂವರೆ ಗಂಟೆ ಚಿಲ್ಲರೆ ಎನ್ನುತ್ತದೆ. ಮಾಜಿವಾಡಾದ ಮನೆಯ ಬಾಗಿಲಿಗೆ ಬೀಗ ಹಾಕಿ ಉಡುಪಿಯ ಮನೆಯ ಜಗಲಿ ಹತ್ತುವವರನ್ನು ಕೇಳಿದರೆ ಆರೂವರೆ, ಏಳು ಗಂಟೆ ಎನ್ನುತ್ತಾರೆ. ಮೂರೂ ಉತ್ತರಗಳು ಸರಿ. ಐವತ್ತು ನಿಮಿಷ ಏಳು ಗಂಟೆಯಾಗಿ ಉಬ್ಬುವುದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ. ಅದಕ್ಕೆ ಮೊದಲು ರೇಖಾಗಣಿತ ಬೇಕು, ಆಮೇಲೆ ಸ್ವಲ್ಪ ಭೌತಶಾಸ್ತ್ರ, ಕೊನೆಗೆ ಏಳನೇ ಎಂಟನೇ ಕ್ಲಾಸಿನ ಬೀಜಗಣಿತ ಸಾಕು.

ಗೋಳದ ಮೇಲೊಂದು ಗೆರೆ

ಭೂಮಿಯ ಮೇಲಿನ ಯಾವ ಜಾಗವನ್ನಾದರೂ ಎರಡು ಸಂಖ್ಯೆಗಳಿಂದ ಗುರುತಿಸಬಹುದು. ಅಕ್ಷಾಂಶ ಸಮಭಾಜಕದಿಂದ ಎಷ್ಟು ಉತ್ತರ ಅಥವಾ ದಕ್ಷಿಣ ಎಂದು ಹೇಳುತ್ತದೆ, ರೇಖಾಂಶ ಗ್ರೀನಿಚ್‌ನಿಂದ ಎಷ್ಟು ಪೂರ್ವ ಅಥವಾ ಪಶ್ಚಿಮ ಎಂದು. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಿಮಾನ ನಿಲ್ದಾಣ 19.09 ಡಿಗ್ರಿ ಉತ್ತರ, 72.87 ಡಿಗ್ರಿ ಪೂರ್ವದಲ್ಲಿದೆ. ಬಜ್ಪೆ 12.96 ಡಿಗ್ರಿ ಉತ್ತರ, 74.89 ಡಿಗ್ರಿ ಪೂರ್ವದಲ್ಲಿದೆ.

ಒಂದು ಡಿಗ್ರಿ ಅಕ್ಷಾಂಶ ಎಲ್ಲಿ ಅಳೆದರೂ ಸುಮಾರು 111 ಕಿ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ.; ಅದನ್ನು 360ರಿಂದ ಭಾಗಿಸಿದರೆ ಬರುವುದು ಅಷ್ಟೇ. ರೇಖಾಂಶದ ಲೆಕ್ಕ ಬೇರೆ. ರೇಖಾಂಶದ ಗೆರೆಗಳೆಲ್ಲ ಧ್ರುವದಲ್ಲಿ ಕೂಡುವುದರಿಂದ ಉತ್ತರಕ್ಕೆ ಹೋದಂತೆ ಅವುಗಳ ನಡುವಿನ ಜಾಗ ಕಿರಿದಾಗುತ್ತದೆ. ಎಷ್ಟು ಕಿರಿದು ಎಂಬುದನ್ನು ಅಕ್ಷಾಂಶದ ಕೊಸೈನ್ ಹೇಳುತ್ತದೆ. ಮುಂಬಯಿ ಮತ್ತು ಮಂಗಳೂರಿನ ನಡುವಿನ ಸರಾಸರಿ ಅಕ್ಷಾಂಶ 16 ಡಿಗ್ರಿ, ಅದರ ಕೊಸೈನ್ 0.96.

ಈಗ ಕಾಗದ ಪೆನ್ನು ಹಿಡಿಯೋಣ. ಅಕ್ಷಾಂಶದ ವ್ಯತ್ಯಾಸ 6.13 ಡಿಗ್ರಿ, 111ರಿಂದ ಗುಣಿಸಿದರೆ ದಕ್ಷಿಣಕ್ಕೆ 680 ಕಿ.ಮೀ. ರೇಖಾಂಶದ ವ್ಯತ್ಯಾಸ 2.02 ಡಿಗ್ರಿ, 111ರಿಂದಲೂ 0.96ರಿಂದಲೂ ಗುಣಿಸಿದರೆ ಪೂರ್ವಕ್ಕೆ 215 ಕಿ.ಮೀ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 713. ಗೋಳದ ತ್ರಿಕೋನಮಿತಿಯ ಪೂರ್ಣ ಸೂತ್ರ ಹಾಕಿದರೆ ಸಿಗುವುದು 715. ಶಾಲೆಯ ಪೈಥಾಗೊರಸ್ ಪ್ರಮೇಯ ಎರಡು ಕಿ.ಮೀ. ಅಂತರದಲ್ಲಿ ಕೆಲಸ ಮುಗಿಸಿತು. ಇದೇ ರೀತಿ ಮುಂಬಯಿಯಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಲೆಕ್ಕ ಹಾಕಿದರೆ ಸುಮಾರು 834 ಕಿ.ಮೀ., ಹುಬ್ಬಳ್ಳಿಗೆ ಸುಮಾರು 477 ಕಿ.ಮೀ. ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಬೆಂಗಳೂರಿನ ಅಂಕಿಯಿಂದ ಎರಡು ಕಿ.ಮೀ. ಕಳೆಯಬೇಕು, ಅಷ್ಟೇ.

ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ದಾರಿ ಮಹಾವೃತ್ತದ ಒಂದು ತುಂಡು. ಭೂಮಿಯ ಕೇಂದ್ರದ ಮೂಲಕ ಹಾಯುವಂತೆ ಗೋಳವನ್ನು ಕತ್ತರಿಸಿದರೆ ಅಂಚಿನಲ್ಲಿ ಸಿಗುವ ವೃತ್ತವದು. ಮುಂಬಯಿ–ಮಂಗಳೂರಿನಂಥ ಚಿಕ್ಕ ದೂರದಲ್ಲಿ ಮಹಾವೃತ್ತಕ್ಕೂ ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ಎಳೆದ ಗೆರೆಗೂ ವ್ಯತ್ಯಾಸ ಕಾಣುವುದಿಲ್ಲ. ದೂರ ಹೆಚ್ಚಿದಂತೆ ಅದು ಎದ್ದು ಕಾಣುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳ ತಂಡ ಹಾರಿಸಿ ತಂದಾಗ ಅದು ಉತ್ತರ ಧ್ರುವದ ಮೇಲಿನಿಂದ ಬಂತು. ಗೋಡೆಯ ಭೂಪಟದಲ್ಲಿ ಅದು ಹುಚ್ಚು ಬಳಸುದಾರಿ. ಗೋಳವನ್ನು ಕೈಯಲ್ಲಿ ಹಿಡಿದು ದಾರ ಎಳೆದರೆ ಮಾತ್ರ, ಸುಮಾರು 14,000 ಕಿ.ಮೀ. ಅಂತರದ ಈ ಎರಡು ಊರುಗಳ ನಡುವೆ ಉತ್ತರದ ಹಿಮಪ್ರದೇಶವೇ ಹತ್ತಿರದ ದಾರಿ ಎಂದು ತಿಳಿಯುತ್ತದೆ.

ಇಂಥ ಲೆಕ್ಕ ಇಂದು ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಇನ್ನೂರು ವರ್ಷಗಳ ಹಿಂದೆ ನಮ್ಮ ಪರ್ಯಾಯದ್ವೀಪದ ಅಗಲವೇ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ಒಂದು ಆಧಾರರೇಖೆಯನ್ನು ಅಳೆದು, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹೆಣೆಯುತ್ತ ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕಡಲಿಗೆ ಬಂದ. ಆಗಿನ ನಕ್ಷೆಗಳು ಮದರಾಸಿಗೂ ಮಂಗಳೂರಿಗೂ ನಡುವೆ 400 ಮೈಲಿ ತೋರಿಸುತ್ತಿದ್ದವು. ಲ್ಯಾಂಬ್ಟನ್‌ನ ಲೆಕ್ಕದಲ್ಲಿ ಅದು 360 ಮೈಲಿಗೆ ಇಳಿಯಿತು. ನಲವತ್ತು ಮೈಲಿ ನೆಲ ಕಾಗದದ ಮೇಲೆ ಮಾತ್ರ ಇತ್ತು!

ಗೆರೆಯ ಮೇಲೆ ವಿಮಾನ ಹಾರುವುದಿಲ್ಲ

715 ಕಿ.ಮೀ. ಎಂಬುದು ಕನಿಷ್ಠ ದೂರ. ಯಾವ ವಿಮಾನವೂ ಅಷ್ಟೇ ಹಾರಿ ಬಜ್ಪೆಯಲ್ಲಿ ಇಳಿಯುವುದಿಲ್ಲ. ಮೊದಲ ಕಾರಣ ಗಾಳಿ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿ ಇಳಿಯಬೇಕು. ಆಗ ಕಡಿಮೆ ನೆಲವೇಗದಲ್ಲೇ ರೆಕ್ಕೆಗೆ ಬೇಕಾದಷ್ಟು ಎತ್ತುವ ಬಲ ಸಿಗುತ್ತದೆ. ಮುಂಬಯಿಯ ಮುಖ್ಯ ರನ್‌ವೇ ಪೂರ್ವ–ಪಶ್ಚಿಮವಾಗಿದೆ. ಕಡಲಿನ ಕಡೆಯಿಂದ ಪಡುಗಾಳಿ ಬೀಸುವಾಗ ಎಲ್ಲ ವಿಮಾನಗಳೂ ಪಶ್ಚಿಮಕ್ಕೆ ಏರುತ್ತವೆ. ದಕ್ಷಿಣದ ಮಂಗಳೂರಿಗೆ ಹೊರಟದ್ದು ಮೊದಲು ಅರಬ್ಬಿ ಸಮುದ್ರದ ಮೇಲೆ ಹೋಗಿ, ಆಮೇಲೆ ಎಡಕ್ಕೆ ಹೊರಳುತ್ತದೆ. ಕಿಟಕಿಯಲ್ಲಿ ಜುಹೂ ಕಡಲತೀರ ಕಾಣುವುದು ಅದಕ್ಕೇ.

ಎರಡನೇ ಕಾರಣ ಸಂಚಾರ. ಆಕಾಶದಲ್ಲೂ ಹೆದ್ದಾರಿಗಳಿವೆ. ಹೆಸರಿಟ್ಟ ಬಿಂದುಗಳ ಮೂಲಕ ಹಾಯುವ ಈ ದಾರಿಗಳನ್ನು ಬಿಟ್ಟು ನೇರ ಹೋಗಲು ನಿಯಂತ್ರಕರ ಅನುಮತಿ ಬೇಕು. ನಿಲ್ದಾಣದ ಹತ್ತಿರ ಬಂದಾಗ ಸರದಿ. ಭಾರಿ ವಿಮಾನವೊಂದು ಹೋದ ದಾರಿಯಲ್ಲಿ ಅದರ ರೆಕ್ಕೆತುದಿಯಿಂದ ಎದ್ದ ಸುಳಿಗಳು ನಿಮಿಷಗಟ್ಟಲೆ ಉಳಿದಿರುತ್ತವೆ. ಹಿಂದಿನ ಸಣ್ಣ ವಿಮಾನ ಅಂತರ ಕಾಯ್ದುಕೊಳ್ಳಲೇಬೇಕು. ಮುಂಬಯಿಯಲ್ಲಿ ಎರಡು ರನ್‌ವೇಗಳಿದ್ದರೂ ಅವು ಒಂದನ್ನೊಂದು ಕತ್ತರಿಸುತ್ತವೆ. ಹಾಗಾಗಿ ಏಕಕಾಲಕ್ಕೆ ಬಳಕೆಯಾಗುವುದು ಒಂದೇ. ದಿನಕ್ಕೆ 900ಕ್ಕೂ ಹೆಚ್ಚು ವಿಮಾನಗಳು ಏರಿಳಿಯುವ ಈ ನಿಲ್ದಾಣದಲ್ಲಿ, ಗದ್ದಲದ ಹೊತ್ತಿಗೆ ಸುಮಾರು ಒಂದೂವರೆ ನಿಮಿಷಕ್ಕೊಂದು ವಿಮಾನ ಆ ಒಂದೇ ಪಟ್ಟಿಯನ್ನು ಬಳಸುತ್ತದೆ. ಜಾಗ ಸಿಗುವವರೆಗೆ ಬಂದವು ಆಕಾಶದಲ್ಲಿ ಸುತ್ತು ಹಾಕುತ್ತವೆ. ಆ ಸುತ್ತುಗಳೂ ಹಾರಿದ ದೂರಕ್ಕೆ ಸೇರುತ್ತವೆ, ಭೂಪಟದ ದೂರಕ್ಕೆ ಸೇರುವುದಿಲ್ಲ.

ಇಪ್ಪತ್ತು ನಿಮಿಷದ ವೇಗ

ಇನ್ನು ವೇಗದ ಲೆಕ್ಕ. ಏರ್‌ಬಸ್ ಎ320 ಜಾತಿಯ ವಿಮಾನ ಎತ್ತರದಲ್ಲಿ ಶಬ್ದದ ವೇಗದ 0.78 ಪಾಲಿನಷ್ಟು ವೇಗದಲ್ಲಿ ಹೋಗುತ್ತದೆ. ಶಬ್ದದ ವೇಗ ಗಾಳಿಯ ಉಷ್ಣತೆಯನ್ನು ಅವಲಂಬಿಸಿದೆ. ನಮ್ಮ ಕಡೆಯ ಆಕಾಶದಲ್ಲಿ 11 ಕಿ.ಮೀ. ಎತ್ತರದಲ್ಲಿ ಉಷ್ಣತೆ ಸೊನ್ನೆಗಿಂತ ನಲವತ್ತಕ್ಕೂ ಹೆಚ್ಚು ಡಿಗ್ರಿ ಕೆಳಗಿರುತ್ತದೆ. ಅಲ್ಲಿ ಶಬ್ದ ಗಂಟೆಗೆ ಸುಮಾರು 1,090 ಕಿ.ಮೀ. ಚಲಿಸುತ್ತದೆ, ಅದರ 0.78 ಭಾಗ ಅಂದರೆ ಸುಮಾರು 850 ಕಿ.ಮೀ. ಅಷ್ಟು ಮೇಲೆ ಹೋಗುವುದೇಕೆ? ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ. ಎಳೆತ ಕಡಿಮೆ, ಇಂಧನ ಉಳಿತಾಯ.

ಆದರೆ ಆ ಎತ್ತರವನ್ನು ತಲುಪಬೇಕಲ್ಲ. ಹತ್ತು ಸಾವಿರ ಅಡಿಯ ಕೆಳಗೆ ವೇಗದ ಮಿತಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ನೆಲದಿಂದ ಪೂರ್ಣ ಎತ್ತರ ಮುಟ್ಟಲು ಇಪ್ಪತ್ತು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಇನ್ನೂರು ಕಿ.ಮೀ. ಕಳೆದಿರುತ್ತದೆ. ಇಳಿಯುವುದಕ್ಕೂ ಹಾಗೆಯೇ. ಪೈಲಟ್‌ಗಳ ಅಂದಾಜಿನ ಲೆಕ್ಕವೊಂದಿದೆ: ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ. 36,000 ಅಡಿಯಿಂದ ಇಳಿಯಲು 108 ನಾಟಿಕಲ್ ಮೈಲಿ, ಅಂದರೆ 200 ಕಿ.ಮೀ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ.; ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದಾಗ ಸಿಗುವ ಒಂದು ತುಂಡಿನಷ್ಟು ಉದ್ದ. ಹಾಗಾಗಿ ಪೈಲಟ್‌ಗೆ ಭೂಪಟವೇ ಅಡಿಪಟ್ಟಿಯೂ ಹೌದು.

ಈಗ ಮಂಗಳೂರಿನ ಹಾರಾಟವನ್ನು ಬಿಡಿಸಿ ನೋಡಿ. ಏರಲು ಇನ್ನೂರು ಚಿಲ್ಲರೆ ಕಿ.ಮೀ., ಇಳಿಯಲು ಇನ್ನೂರು ಚಿಲ್ಲರೆ ಕಿ.ಮೀ. ನಡುವೆ ಉಳಿದದ್ದು ಮುನ್ನೂರರ ಆಸುಪಾಸು. ಗಂಟೆಗೆ 850 ಎಂಬ ಹೆಮ್ಮೆಯ ವೇಗದಲ್ಲಿ ವಿಮಾನ ಓಡುವುದು ಇಪ್ಪತ್ತು ನಿಮಿಷ ಮಾತ್ರ. ಗಗನಸಖಿ ನೀರು, ತಿಂಡಿ ಹಂಚಿ ಮುಗಿಸುವುದರೊಳಗೆ ಇಳಿಯುವ ಸೂಚನೆ ಬರುವುದು ಇದಕ್ಕೇ.

ಟಿಕೆಟ್ ಮೇಲಿನ ಸಮಯ ಇನ್ನೂ ಬೇರೆಯದು. ನಿಲುಗಡೆಯ ಜಾಗದಿಂದ ವಿಮಾನ ಹಿಂದಕ್ಕೆ ಸರಿದ ಕ್ಷಣದಿಂದ, ಇನ್ನೊಂದು ಊರಿನ ನಿಲುಗಡೆಯಲ್ಲಿ ಚಕ್ರಕ್ಕೆ ಅಡ್ಡಮರ ಇಡುವ ಕ್ಷಣದವರೆಗಿನ ಲೆಕ್ಕವದು. ರನ್‌ವೇವರೆಗೆ ತೆವಳುವುದು, ಸರದಿಯಲ್ಲಿ ಕಾಯುವುದು, ಇಳಿದ ಮೇಲೆ ಮತ್ತೆ ತೆವಳುವುದು ಎಲ್ಲವೂ ಅದರಲ್ಲಿ ಸೇರಿದೆ. ಜೊತೆಗೆ ವಿಮಾನ ಸಂಸ್ಥೆಗಳು ಒಂದಿಷ್ಟು ಹೆಚ್ಚುವರಿ ನಿಮಿಷಗಳನ್ನು ವೇಳಾಪಟ್ಟಿಯಲ್ಲಿ ಅಡಗಿಸಿಡುತ್ತವೆ. ಹದಿನೈದು ನಿಮಿಷಗಳೊಳಗಿನ ವಿಳಂಬವನ್ನು ಸಮಯಪಾಲನೆ ಎಂದೇ ಎಣಿಸುವ ರೂಢಿ ಇರುವುದರಿಂದ, ಸ್ವಲ್ಪ ಉದಾರವಾದ ವೇಳಾಪಟ್ಟಿ ಬರೆದುಕೊಂಡವರಿಗೆ ಒಳ್ಳೆಯ ಹೆಸರು ಸುಲಭ.

ಮುಂಬಯಿಯಿಂದ ಹೊರಡುವ ಜೆಟ್ ವಿಮಾನಗಳಿಗೆ ಒಂದು ಕೈಲೆಕ್ಕ ಹೀಗೆ ಹೇಳಬಹುದು: ಮುಕ್ಕಾಲು ಗಂಟೆ ಮೊದಲೇ ಎತ್ತಿಟ್ಟುಕೊಳ್ಳಿ, ಆಮೇಲೆ ಪ್ರತಿ 14 ಕಿ.ಮೀ.ಗೆ ಒಂದು ನಿಮಿಷ ಸೇರಿಸಿ. ಹುಬ್ಬಳ್ಳಿಯ 477 ಕಿ.ಮೀ.ಗೆ 34 ನಿಮಿಷ, ಒಟ್ಟು 1 ಗಂಟೆ 19 ನಿಮಿಷ. ಮಂಗಳೂರಿಗೆ 1 ಗಂಟೆ 36. ಬೆಂಗಳೂರಿಗೆ 1 ಗಂಟೆ 45. ದೆಹಲಿಯ 1,140 ಕಿ.ಮೀ.ಗೆ 2 ಗಂಟೆ 6. ವೇಳಾಪಟ್ಟಿಯ ಜೊತೆ ಹೋಲಿಸಿ ನೋಡಿ, ಐದು ಹತ್ತು ನಿಮಿಷದ ಒಳಗೇ ಇರುತ್ತದೆ. ಹುಬ್ಬಳ್ಳಿಗಿಂತ ಬೆಂಗಳೂರು ಮುಂಬಯಿಗೆ ಮುಕ್ಕಾಲು ಪಾಲು ಹೆಚ್ಚು ದೂರ. ಪ್ರಯಾಣದ ಸಮಯ ಮಾತ್ರ ಮೂರನೇ ಒಂದು ಭಾಗವಷ್ಟೇ ಹೆಚ್ಚು. ಎತ್ತಿಟ್ಟ ಆ ಮುಕ್ಕಾಲು ಗಂಟೆ ರಿಕ್ಷಾದ ಮಿನಿಮಮ್ ಬಾಡಿಗೆಯಂತೆ. ಮೀಟರ್ ತಿರುಗುವ ಮೊದಲೇ ಕೊಡಬೇಕಾದದ್ದು.

ಗಾಳಿಯ ಪಾಲೆಷ್ಟು?

ಹೋಗುವಾಗ ಬೇಗ, ಬರುವಾಗ ತಡ ಎಂಬ ಅನುಭವಕ್ಕೆ ಜನ ಸಾಮಾನ್ಯವಾಗಿ ಮೇಲಿನ ಗಾಳಿಯನ್ನು ಕಾರಣ ಮಾಡುತ್ತಾರೆ. ಮೇಲೆ ಗಾಳಿಯ ಹೊಳೆಗಳಿರುವುದು ನಿಜ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಸುಮಾರು 14–16 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ರಭಸದ ಗಾಳಿ ಹರಿಯುತ್ತದೆ. ಈ ಪೂರ್ವದ ಜೆಟ್ ಪ್ರವಾಹವನ್ನು 1950ರ ದಶಕದಲ್ಲಿ ಗುರುತಿಸಿ ವಿವರಿಸಿದವರು ಭಾರತೀಯ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ವಿಮಾನ ಹಾರುವ ಎತ್ತರ ಇದರ ಕೆಳಗಿನದು. ಅಲ್ಲೂ ಆ ದಿನಗಳಲ್ಲಿ ಮೂಡುಗಾಳಿಯೇ, ಆದರೆ ರಭಸ ಕಡಿಮೆ.

ಗಂಟೆಗೆ 60 ಕಿ.ಮೀ. ಮೂಡುಗಾಳಿ ಎಂದುಕೊಳ್ಳೋಣ. ಬೆಂಗಳೂರು ಮುಂಬಯಿಯ ಆಗ್ನೇಯಕ್ಕಿದೆ. ದಾರಿ ಓರೆಯಾಗಿರುವುದರಿಂದ 60ರಲ್ಲಿ ಸುಮಾರು 37 ಮಾತ್ರ ಎದುರುಗಾಳಿಯಾಗಿ ತಗಲುತ್ತದೆ. ಹೋಗುವಾಗ 850ರ ಬದಲು 813, ಬರುವಾಗ 887. ಇಡೀ 834 ಕಿ.ಮೀ.ಗೆ ಇದನ್ನೇ ಅನ್ವಯಿಸಿದರೂ ಹೋಗುವ ಬರುವ ಸಮಯಗಳ ನಡುವಿನ ವ್ಯತ್ಯಾಸ ಐದು ನಿಮಿಷ ಮಾತ್ರ. ಮಂಗಳೂರಿನ ದಾರಿ ಬಹುಮಟ್ಟಿಗೆ ಉತ್ತರ–ದಕ್ಷಿಣ. ಮೂಡುಗಾಳಿ ಪಕ್ಕದಿಂದ ಬಡಿದು ಹೋಗುತ್ತದೆ, ಅಲ್ಲಿ ವ್ಯತ್ಯಾಸ ಇನ್ನೂ ಕಡಿಮೆ. ಸಾಗರ ದಾಟುವ ಹದಿನೈದು ಗಂಟೆಯ ಹಾರಾಟದಲ್ಲಿ ಗಾಳಿ ಒಂದು ಗಂಟೆ ಕೊಡಬಹುದು, ಕಸಿಯಲೂಬಹುದು. ನಮ್ಮ ಊರಿನ ಹಾರಾಟದಲ್ಲಿ ಗಾಳಿಗಿಂತ ರನ್‌ವೇ ಸರದಿಯೇ ದೊಡ್ಡದು.

ಬಾಗಿಲಿನಿಂದ ಬಾಗಿಲಿಗೆ

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಯ ಜುಹೂವಿಗೆ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಅಂಚೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಮುಂಬಯಿಗೂ ಕನ್ನಡದ ನೆಲಕ್ಕೂ ನಡುವೆ ಕ್ರಮಬದ್ಧ ವಿಮಾನ ಸಂಪರ್ಕ ಆರಂಭವಾದದ್ದು ಹೀಗೆ, ಬಳ್ಳಾರಿಯ ಬಯಲಿನಲ್ಲಿ. ಜುಹೂವಿನಿಂದ ಬಳ್ಳಾರಿಗೆ ಸುಮಾರು 614 ಕಿ.ಮೀ.; ಗಂಟೆಗೆ 160 ಕಿ.ಮೀ. ಹೋಗುವ ಪುಸ್ ಮಾತ್‌ಗೆ ನಾಲ್ಕು ಗಂಟೆಯ ದಾರಿ. ಬಜ್ಪೆ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು, ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಾಗ. ಗಂಟೆಗೆ 300 ಕಿ.ಮೀ. ಆಸುಪಾಸಿನ ಡಕೋಟಾಕ್ಕೆ ಮುಂಬಯಿ–ಮಂಗಳೂರು ಎರಡೂವರೆ ಗಂಟೆಯ ಹಾರಾಟ. ಇಂದಿನ ಜೆಟ್‌ನ ವೇಗ ಅದರ ಸುಮಾರು ಮೂರು ಪಟ್ಟು. ಪ್ರಯಾಣಿಕನಿಗೆ ಉಳಿದದ್ದು ಒಂದು ಗಂಟೆ ಚಿಲ್ಲರೆ.

ಮಾಜಿವಾಡಾದ ಮನೆಯಿಂದ ಹೊರಟವರ ಒಂದು ದಿನವನ್ನು ಬರೆದು ನೋಡೋಣ. ವಿಮಾನ ಬೆಳಿಗ್ಗೆ 11ಕ್ಕೆ. 7.45ಕ್ಕೆ ಟ್ಯಾಕ್ಸಿ ಹತ್ತಬೇಕು. ನಿಲ್ದಾಣ ನೇರ ಗೆರೆಯಲ್ಲಿ 18 ಕಿ.ಮೀ. ದೂರ, ಆದರೆ ಆ ಗೆರೆ ಮುಲುಂಡಿನ ಬೆಟ್ಟದ ಅಂಚು ಹಿಡಿದು ವಿಹಾರ್ ಮತ್ತು ಪೊವಾಯಿ ಕೆರೆಗಳ ಸೀಮೆಯಲ್ಲಿ ಹೋಗುತ್ತದೆ. ಟ್ಯಾಕ್ಸಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ದಕ್ಷಿಣಕ್ಕೆ ಇಳಿದು, ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಯಲ್ಲಿ ಪಶ್ಚಿಮಕ್ಕೆ ಹೊರಳಬೇಕು. ಆಫೀಸಿನ ಹೊತ್ತಿಗೆ ಒಂದೂಕಾಲು ಗಂಟೆ. 9ಕ್ಕೆ ನಿಲ್ದಾಣ. ಬ್ಯಾಗ್ ಕೊಡುವ ಕೌಂಟರ್ ವಿಮಾನಕ್ಕಿಂತ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ತಡವಾಗಿ ಬರುವಂತಿಲ್ಲ. ತಪಾಸಣೆ, ಗೇಟು, ಬಸ್ಸು ಅಥವಾ ಸೇತುವೆ. 12.35ಕ್ಕೆ ಬಜ್ಪೆ. ಬ್ಯಾಗ್ ಹಿಡಿದು ಹೊರಬರುವಾಗ 1 ಗಂಟೆ. ಅಲ್ಲಿಂದ ಉಡುಪಿಗೆ ಒಂದೂವರೆ ಗಂಟೆ. ಮನೆ ಮುಟ್ಟುವಾಗ 2.30. ಒಟ್ಟು ಆರೂಮುಕ್ಕಾಲು ಗಂಟೆ. ಅದರಲ್ಲಿ ಆಕಾಶದಲ್ಲಿದ್ದದ್ದು ಸುಮಾರು ಒಂದೂಕಾಲು ಗಂಟೆ, ಐದನೇ ಒಂದು ಭಾಗಕ್ಕೂ ಕಡಿಮೆ.

ಈಗ ವಿಮಾನದ ವೇಗವನ್ನು ಎರಡು ಪಟ್ಟು ಮಾಡಿದೆವು ಎಂದುಕೊಳ್ಳಿ. ಉಳಿಯುವುದು ಮೂವತ್ತೆಂಟು ನಿಮಿಷ. ಹತ್ತು ಪಟ್ಟು ಮಾಡಿದರೆ ಅರುವತ್ತೆಂಟು. ಕಣ್ಣು ಮಿಟುಕಿಸುವುದರೊಳಗೆ ಬಜ್ಪೆ ಮುಟ್ಟುವ ಮಾಯಾವಿಮಾನ ಬಂದರೂ ಇನ್ನೂ ಐದೂವರೆ ಗಂಟೆ ಬೇಕು. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಇದೇ ತರ್ಕವನ್ನು ಯಂತ್ರಗಳ ವಿಷಯದಲ್ಲಿ ಮುಂದಿಟ್ಟ: ಒಂದು ಕೆಲಸದ ಯಾವುದೋ ಒಂದು ಭಾಗವನ್ನು ಎಷ್ಟೇ ಚುರುಕುಗೊಳಿಸಿ, ಒಟ್ಟು ಲಾಭಕ್ಕೆ ಒಂದು ಗೋಡೆ ಇದೆ, ಆ ಗೋಡೆ ಎಲ್ಲಿದೆ ಎಂಬುದನ್ನು ಚುರುಕಾಗದೆ ಉಳಿದ ಭಾಗ ನಿರ್ಧರಿಸುತ್ತದೆ. ಇಂದಿಗೂ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಅದನ್ನು ಆಮ್ಡಾಲ್ ನಿಯಮ ಎಂದು ಓದುತ್ತಾರೆ. ಊರಿಗೆ ಹೋಗುವವರು ಅದನ್ನು ಟ್ಯಾಕ್ಸಿಯಲ್ಲಿ ಕೂತು ಅನುಭವಿಸುತ್ತಾರೆ.

ಬೆಂಗಳೂರಿಗರಿಗೆ ಇದರ ಪಾಠ 2008ರಲ್ಲೇ ಆಗಿದೆ. ಆ ವರ್ಷದ ಮೇ ತಿಂಗಳಲ್ಲಿ ವಿಮಾನಗಳು ಎಚ್‌ಎಎಲ್ ನಿಲ್ದಾಣ ಬಿಟ್ಟು ದೇವನಹಳ್ಳಿಗೆ ಹೋದವು. ಹೊಸ ನಿಲ್ದಾಣ ಉತ್ತರಕ್ಕಿರುವುದರಿಂದ ಮುಂಬಯಿಯಿಂದ ಆಕಾಶದ ದೂರ ಸುಮಾರು 20 ಕಿ.ಮೀ. ಕಡಿಮೆಯಾಯಿತು, ನಮ್ಮ ಕೈಲೆಕ್ಕದಲ್ಲಿ ಒಂದೂವರೆ ನಿಮಿಷದ ಉಳಿತಾಯ. ಜಯನಗರದವರಿಗೋ ಇಂದಿರಾನಗರದವರಿಗೋ ನೆಲದ ದಾರಿ ಎಷ್ಟು ಉದ್ದವಾಯಿತು ಎಂದು ಅವರನ್ನೇ ಕೇಳಿ. ಆಕಾಶದ 20 ಕಿ.ಮೀ.ಗೂ ಹೆಬ್ಬಾಳದ ಮೇಲಿನ 20 ಕಿ.ಮೀ.ಗೂ ಒಂದೇ ಅಳತೆಪಟ್ಟಿ ಸಾಲದು.

ಎರಡು ನಿಲ್ದಾಣಗಳ ನಡುವಿನ ಗಡಿ

ಮಾಜಿವಾಡಾದ ಲೆಕ್ಕಕ್ಕೆ ಈಗ ಇನ್ನೊಂದು ತುದಿ ಸೇರಿದೆ. ನವಿ ಮುಂಬಯಿ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಗಿ, ಡಿಸೆಂಬರ್ 25ರಂದು ಪ್ರಯಾಣಿಕರಿಗೆ ತೆರೆಯಿತು. ಬಜ್ಪೆ ಆರಂಭವಾಗಿ ಅಂದಿಗೆ ಸರಿಯಾಗಿ 74 ವರ್ಷ. ಹೊಸ ನಿಲ್ದಾಣದಲ್ಲಿ ಮೊದಲು ಬಂದಿಳಿದ ಪ್ರಯಾಣಿಕ ವಿಮಾನ ಹೊರಟದ್ದು ಬೆಂಗಳೂರಿನಿಂದ.

ಎರಡು ನಿಲ್ದಾಣಗಳ ನಡುವೆ ನೇರ ಗೆರೆಯಲ್ಲಿ ಸುಮಾರು 24 ಕಿ.ಮೀ. ಆ ಗೆರೆಯ ನಟ್ಟನಡುವೆ ಅದಕ್ಕೆ ಲಂಬವಾಗಿ ಇನ್ನೊಂದು ಗೆರೆ ಎಳೆಯಿರಿ. ಆ ಗೆರೆಯ ಮೇಲಿನ ಯಾವ ಬಿಂದುವಿನಿಂದಲೂ ಎರಡು ನಿಲ್ದಾಣಗಳು ಸಮದೂರ. ಟ್ರಾಂಬೆಯ ಬಳಿಯ ಖಾರಿಯಿಂದ ಹೊರಟು ಈಶಾನ್ಯದ ಕಡೆ ಓರೆಯಾಗಿ ಏರುವ ಈ ಗಡಿ ವಾಶಿಗೂ ಐರೋಲಿಗೂ ನಡುವೆ ಹಾದು ಡೊಂಬಿವಲಿಯ ಪಶ್ಚಿಮದ ಅಂಚಿಗೆ ಹೋಗುತ್ತದೆ. ಫಲಿತಾಂಶ ಸ್ವಾರಸ್ಯವಾಗಿದೆ. ಐರೋಲಿ ನವಿ ಮುಂಬಯಿಯ ಭಾಗವೇ ಆದರೂ ರೇಖಾಗಣಿತದ ಪ್ರಕಾರ ಹಳೆಯ ನಿಲ್ದಾಣದ ಕಡೆಗೆ ಬೀಳುತ್ತದೆ. ಡೊಂಬಿವಲಿಯಿಂದ ಹಳೆಯದಕ್ಕೆ 27, ಹೊಸದಕ್ಕೆ 25 ಕಿ.ಮೀ.; ಹೆಚ್ಚುಕಡಿಮೆ ಗಡಿಯ ಮೇಲೆಯೇ. ಕಲ್ಯಾಣಕ್ಕೆ ಹೊಸದು ಸುಮಾರು 4 ಕಿ.ಮೀ. ಹತ್ತಿರ. ಮಾಜಿವಾಡಾಕ್ಕೆ ಹಳೆಯದು 18, ಹೊಸದು 27.

ಆಕಾಶದ ಕಡೆ ನೋಡಿದರೆ ಹೊಸ ನಿಲ್ದಾಣಕ್ಕೆ ಕೊಂಚ ಅನುಕೂಲ: ಅಲ್ಲಿಂದ ಬೆಂಗಳೂರು ಸುಮಾರು 813 ಕಿ.ಮೀ., 21 ಕಿ.ಮೀ. ಕಡಿಮೆ. ಮಂಗಳೂರು 16 ಕಿ.ಮೀ. ಕಡಿಮೆ. ಅದರ ಬೆಲೆ ಒಂದರಿಂದ ಒಂದೂವರೆ ನಿಮಿಷ. ಹಾಗಾಗಿ ಯಾವ ನಿಲ್ದಾಣ ಎಂಬುದನ್ನು ಆಕಾಶ ತೀರ್ಮಾನಿಸುವುದಿಲ್ಲ, ನೆಲ ತೀರ್ಮಾನಿಸುತ್ತದೆ. ನೆಲದ ಮೇಲೆ ಸಮದೂರದ ಗಡಿಗಿಂತ ಸಮಕಾಲದ ಗಡಿ ಮುಖ್ಯ. ಅದು ನೇರವಾಗಿರುವುದಿಲ್ಲ, ಸ್ಥಿರವಾಗಿಯೂ ಇರುವುದಿಲ್ಲ. ಥಾಣೆಯ ಖಾರಿಯನ್ನು ಐರೋಲಿ ಸೇತುವೆಯಂಥ ಕೆಲವೇ ಕಡೆ ದಾಟಬಹುದು. ಪಾರ್ಸಿಕ್ ಬೆಟ್ಟವನ್ನು ಕೆಲವೇ ಕಡೆ ಹಾಯಬಹುದು. ಡೊಂಬಿವಲಿಯವರು ಹೊಸ ನಿಲ್ದಾಣಕ್ಕೆ ಹೋಗಲು ಶಿಳ್‌ಫಾಟಾ ದಾಟಬೇಕು. ಅಲ್ಲಿ ಲಾರಿಗಳ ಸಾಲು ಎಷ್ಟಿದೆ ಎಂಬುದರ ಮೇಲೆ ಗಡಿ ಆ ದಿನ ಅತ್ತ ಅಥವಾ ಇತ್ತ ಸರಿಯುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಮಾಜಿವಾಡಾದಿಂದ ಹೊರಟವರಿಗೆ ಎರಡೂ ನಿಲ್ದಾಣಗಳು ಹತ್ತಿರ, ಸಂಜೆ ಆರಕ್ಕೆ ಎರಡೂ ದೂರ.

ಬಸ್ಸಿನ ಗೆರೆ, ವಿಮಾನದ ಗೆರೆ

ಈವರೆಗೆ ಹೇಳಿದ್ದನ್ನೆಲ್ಲ ಒಂದೇ ಸಾಲಿನ ಸಮೀಕರಣದಲ್ಲಿ ಬರೆಯಬಹುದು. ಒಟ್ಟು ಸಮಯ ಎಂದರೆ ತುದಿಗಳ ಸಮಯ, ಜೊತೆಗೆ ದೂರವನ್ನು ವೇಗದಿಂದ ಭಾಗಿಸಿದಾಗ ಬರುವ ಸಮಯ. ಮಾಜಿವಾಡಾದಿಂದ ವಿಮಾನದಲ್ಲಿ ಹೋದರೆ ತುದಿಗಳ ಸಮಯ ಸುಮಾರು ಐದೂವರೆಯಿಂದ ಆರು ಗಂಟೆ: ಎರಡೂ ಕಡೆಯ ರಸ್ತೆ, ನಿಲ್ದಾಣದ ಎರಡು ಗಂಟೆ, ಮೊದಲೇ ಎತ್ತಿಟ್ಟ ಮುಕ್ಕಾಲು ಗಂಟೆ, ಬ್ಯಾಗಿಗೆ ಕಾಯುವುದು. ಬಸ್ಸಿಗೆ ತುದಿಗಳ ಸಮಯ ಅರ್ಧ ಗಂಟೆ, ಏಕೆಂದರೆ ಬಸ್ಸು ಮಾಜಿವಾಡಾಕ್ಕೇ ಬರುತ್ತದೆ. ವೇಗ ಊಟ ಚಹಾದ ನಿಲುಗಡೆ ಸೇರಿ ಗಂಟೆಗೆ 55 ಕಿ.ಮೀ. ಎಂದಿಟ್ಟುಕೊಳ್ಳೋಣ. ಗ್ರಾಫ್ ಕಾಗದದ ಮೇಲೆ ಎರಡನ್ನೂ ಬಿಡಿಸಿದರೆ ವಿಮಾನದ ಗೆರೆ ಎತ್ತರದಲ್ಲಿ ಹೊರಟು ಬಹುತೇಕ ಸಮತಲವಾಗಿ ಹೋಗುತ್ತದೆ. ಬಸ್ಸಿನ ಗೆರೆ ನೆಲದಿಂದ ಹೊರಟು ಕಡಿದಾಗಿ ಏರುತ್ತದೆ. ಎರಡೂ ಸಂಧಿಸುವುದು 300 ಕಿ.ಮೀ. ಸುಮಾರಿಗೆ.

ಪುಣೆಗೆ ಯಾರೂ ವಿಮಾನ ಹುಡುಕದಿರುವುದೂ ಸಾತಾರಾದವರು ಬಸ್ಸನ್ನೇ ಹಿಡಿಯುವುದೂ ಇದರಿಂದ ಅರ್ಥವಾಗುತ್ತದೆ. ಬೆಳಗಾವಿಯ ಹೊತ್ತಿಗೆ ವಿಮಾನ ಮುಂದಾಗುತ್ತದೆ, ಬೆಂಗಳೂರಿನ ಹೊತ್ತಿಗೆ ಬಸ್ಸಿಗೆ ಲೆಕ್ಕದಲ್ಲಿ ಉಳಿಗಾಲವಿಲ್ಲ. ಆದರೂ ಸಂಜೆ ಮಾಜಿವಾಡಾದಲ್ಲಿ ಕರ್ನಾಟಕದ ಕಡೆಯ ಸ್ಲೀಪರ್ ಬಸ್ಸುಗಳಿಗೆ ಕಾಯುವವರು ಇದ್ದೇ ಇರುತ್ತಾರೆ. ಟಿಕೆಟ್ ದರ ಒಂದು ಕಾರಣ. ಸಮೀಕರಣದಲ್ಲಿ ಬಾರದ ಇನ್ನೊಂದು ಕಾರಣ ನಿದ್ದೆ. ಮಧ್ಯಾಹ್ನ ಮೂರು ದಾಟಿದ ಮೇಲೆ ಥಾಣೆಯಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತಿದವರು ಬೆಳಗಾಗುವ ಹೊತ್ತಿಗೆ ಉಡುಪಿಯ ಆಸುಪಾಸಿನಲ್ಲಿರುತ್ತಾರೆ. ಕೊಂಕಣ ರೈಲು 1998ರಲ್ಲಿ ಪೂರ್ತಿ ತೆರೆದ ಮೇಲೆ ಕರಾವಳಿಯವರಿಗೆ ಸಿಕ್ಕ ದೊಡ್ಡ ಅನುಕೂಲ ಇದು. ಗಡಿಯಾರದ ಪ್ರಕಾರ ಹದಿನಾಲ್ಕು ಗಂಟೆ. ಹೇಗೂ ಮಲಗುವ ಏಳು ಗಂಟೆ ಕಳೆದರೆ ಉಳಿಯುವುದು ಏಳು, ಅಂದರೆ ವಿಮಾನದಷ್ಟೇ. ಮಳೆಗಾಲದ ವೇಳಾಪಟ್ಟಿಯಲ್ಲಿ ವೇಗ ತಗ್ಗಿಸಿದಾಗ ಮಾತ್ರ ಈ ಸಮಬಲ ಕೆಡುತ್ತದೆ. ರೈಲು ವೇಗದಲ್ಲಿ ವಿಮಾನಕ್ಕೆ ಸಾಟಿಯಲ್ಲ. ಆದರೆ ಅದರ ತುದಿಗಳು ಮನೆಗೆ ಹತ್ತಿರ, ಅದರ ನಡುಭಾಗ ನಿದ್ದೆಗೆ ಉಪಯೋಗ.

ಮುಂದೆ ಈ ಪ್ರಯಾಣ ಚಿಕ್ಕದಾಗುವುದಾದರೆ ಎಲ್ಲಿ ಚಿಕ್ಕದಾದೀತು? ಏರ್ ಇಂಡಿಯಾ 1960ರಲ್ಲಿ ತಂದ ಬೋಯಿಂಗ್ 707 ಶಬ್ದವೇಗದ 0.8 ಪಾಲಿನ ಸುಮಾರಿನಲ್ಲಿ ಹಾರುತ್ತಿತ್ತು. ಇಂದಿನ ಎ320 ನಿಯೋ 0.78ರಲ್ಲಿ ಹಾರುತ್ತದೆ. ಅರವತ್ತು ವರ್ಷಗಳ ಎಂಜಿನಿಯರಿಂಗ್ ಇಂಧನ ಉಳಿಸಿತು, ಸದ್ದು ತಗ್ಗಿಸಿತು, ಸುರಕ್ಷತೆ ಹೆಚ್ಚಿಸಿತು, ವೇಗವನ್ನು ಮುಟ್ಟಲಿಲ್ಲ. ಶಬ್ದದ ವೇಗಕ್ಕೆ ಹತ್ತಿರವಾದಂತೆ ರೆಕ್ಕೆಯ ಮೇಲೆ ಆಘಾತ ಅಲೆಗಳು ಎದ್ದು ಎಳೆತ ಒಮ್ಮೆಲೇ ಏರುತ್ತದೆ, ಅದನ್ನು ದಾಟುವ ಖರ್ಚು ಮುಂಬಯಿ–ಮಂಗಳೂರಿನ ಟಿಕೆಟ್ ತಾಳುವಂಥದ್ದಲ್ಲ. ದಾಟಿದರೂ ಉಳಿಯುವುದು ಇಪ್ಪತ್ತು ನಿಮಿಷದ ಆ ನಡುಭಾಗದಲ್ಲಿ ಒಂದು ತುಣುಕು. ಮಾಜಿವಾಡಾದಿಂದ ನಿಲ್ದಾಣಕ್ಕೆ ಹೋಗುವ ಒಂದೂಕಾಲು ಗಂಟೆ ಮುಕ್ಕಾಲು ಗಂಟೆಗೆ ಇಳಿದರೆ, ಬಜ್ಪೆಯಿಂದ ಉಡುಪಿಗೆ ಅರ್ಧ ಗಂಟೆ ಉಳಿದರೆ, ಲಾಭ ಒಂದು ಗಂಟೆ. ಅಷ್ಟು ಸಮಯ ಉಳಿಸಲು ವಿಮಾನ ಈಗಿನ ಐದು ಪಟ್ಟು ವೇಗದಲ್ಲಿ ಹಾರಬೇಕಾಗುತ್ತದೆ. ಹಾಗಾಗಿ ಊರನ್ನು ಹತ್ತಿರ ತರುವ ಕೆಲಸ ಇನ್ನು ವಿಮಾನ ಕಟ್ಟುವವರದ್ದಲ್ಲ. ರಸ್ತೆ, ಸೇತುವೆ, ಮೆಟ್ರೋ ಕಟ್ಟುವವರದ್ದು, ತಪಾಸಣೆಯ ಸಾಲನ್ನು ಚಿಕ್ಕದು ಮಾಡುವವರದ್ದು.